ನೀಲಿ ಮಾತ್ರೆಯಿಂದ ಕೆಂಪು ಮಾತ್ರೆಗೆ

(ಮಂಡ್ಯದಲ್ಲಿ ಬಿ.ಇಡಿ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಬಾಯಿ ತಪ್ಪಿ ಹೇಳಿದ ಒಂದೆರಡು ಊರಿನ ಹೆಸರು ಇಲ್ಲಿ ತೆಗೆದಿದ್ದೇನೆ. ಉಳಿದದ್ದು ಹೆಚ್ಚು ಕಡಿಮೆ ಹೇಳಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ಆರೋಗ್ಯ ತಜ್ಞೆ ಅಂದರು. ಅಷ್ಟೆಲ್ಲ ಏನಿಲ್ಲ. ನಾನು ಸಬ್‌ಸೆಂಟರಿನ ಸಿಸ್ಟರ್. ಊರವರ ಬಾಯಲ್ಲಿ ನರ್ಸಮ್ಮ. ಮೊದಲು ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಲ್ಲಿ, ಆಮೇಲೆ ನಿಮ್ಮದೇ ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಸುತ್ತಿ ರಿಟೈರ್ ಆದವಳು. ಓದಿ ತಿಳಿದದ್ದಕ್ಕಿಂತ ಮನೆ ಬಾಗಿಲಲ್ಲಿ ನಿಂತು ತಿಳಿದದ್ದೇ ಜಾಸ್ತಿ.

ಕೈಚೀಲದಲ್ಲಿ ಎರಡು ಮಾತ್ರೆ ಪಟ್ಟಿ ತಂದಿದ್ದೇನೆ. ಹಿಂದಿನ ಬೆಂಚಿನವರಿಗೂ ಕಾಣಲಿ ಅಂತ ಎತ್ತಿ ಹಿಡಿಯುತ್ತೇನೆ. ಇದು ನೀಲಿ, ಇದು ಕೆಂಪು. ಒಳಗಿರೋದು ಎರಡರಲ್ಲೂ ಒಂದೇ, ಕಬ್ಬಿಣದ ಅಂಶ ಮತ್ತು ಫೋಲಿಕ್ ಆಸಿಡ್. ನೀಲಿಯನ್ನು 10ರಿಂದ 19 ವರ್ಷದ ಮಕ್ಕಳಿಗೆ ವಾರಕ್ಕೊಂದರಂತೆ ಶಾಲೆಯಲ್ಲಿ ಕೊಡುತ್ತಾರೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ. ಕೆಂಪನ್ನು ಬಸುರಿಯರಿಗೆ, ದಿನಕ್ಕೊಂದು. ಕೊಡುವವರಿಗೆ ಗೊಂದಲ ಆಗದಿರಲಿ ಅಂತ ಬಣ್ಣ ಬೇರೆ ಮಾಡಿದ್ದಾರೆ, ಅಷ್ಟೆ.

ಕೊರೊನಾಕ್ಕೆ ಮುಂಚೆ ಒಂದು ಹೈಸ್ಕೂಲಿನಲ್ಲಿ ನನ್ನ ಎದುರೇ ನೀಲಿ ಮಾತ್ರೆ ನುಂಗಿದ ಹುಡುಗಿಯೊಬ್ಬಳಿದ್ದಳು. ನುಂಗಿ, ಮುಖ ಕಿವುಚಿ, 'ವಾಕರಿಕೆ ಬತ್ತದೆ ಸಿಸ್ಟ್ರೇ' ಅಂದಿದ್ದಳು. ಎರಡು ವರ್ಷ ಕಳೆದು ಅದೇ ಹುಡುಗಿ ಕೆಂಪು ಮಾತ್ರೆಗೆ ಅಂತ ನನ್ನ ಮುಂದೆ ಬಂದು ಕೂತಳು. ಆಗಲೂ ವಾಕರಿಕೆಯೇ. ಹೆಸರು ಬೇಡ, ಹುಡುಗಿ ಅಂತಲೇ ಅನ್ನೋಣ. ಇವತ್ತು ನನಗೆ ಮಾತಾಡಬೇಕು ಅನ್ನಿಸಿದ್ದು ಆ ಎರಡು ವರ್ಷದ ಬಗ್ಗೆ, ಹದಿನೆಂಟು ತುಂಬುವ ಮೊದಲೇ ಮದುವೆಯಾಗಿ ಬಸಿರಾಗುವ ಹುಡುಗಿಯರ ಬಗ್ಗೆ.

ಮೊದಲು ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಜನರಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲೂ 21. ಕದಲಿಲ್ಲ. 15ರಿಂದ 19 ವರ್ಷದವರಲ್ಲಿ ಆಗಲೇ ತಾಯಿಯಾದವರು ಇಲ್ಲವೇ ಬಸುರಿಯಾಗಿದ್ದವರು ನೂರಕ್ಕೆ 7.8ರಿಂದ 5.4ಕ್ಕೆ ಇಳಿದಿದ್ದಾರೆ. ಇಳಿದದ್ದು ಸಂತೋಷವೇ. ಆದರೆ ಸಮೀಕ್ಷೆಯವರು ವಯಸ್ಸು ಕೇಳಿದಾಗ ಯಾರು ಏನು ಹೇಳುತ್ತಾರೆ ಅನ್ನೋದು ನನಗೆ ಗೊತ್ತು. ನಮ್ಮ ಕಡೆ ಹೊಟ್ಟೆ ಮುಂದೆ ಬಂದ ಹುಡುಗಿಯನ್ನು ವಯಸ್ಸು ಎಷ್ಟಮ್ಮ ಅಂತ ಕೇಳಿ ನೋಡಿ. ಹದಿನೆಂಟು ಅನ್ನಲ್ಲ, ಅದು ಅನುಮಾನಕ್ಕೆ ಜಾಗ ಕೊಡುತ್ತೆ. ಇಪ್ಪತ್ತು ಅಂದರೆ ನಂಬೋ ಹಾಗಿರಲ್ಲ. ಹತ್ತೊಂಬತ್ತು. ನನ್ನ ಸರ್ವಿಸಿನಲ್ಲಿ ಎಷ್ಟು ಹತ್ತೊಂಬತ್ತು ಕೇಳಿದ್ದೇನೋ ಲೆಕ್ಕವಿಲ್ಲ.

ನಮ್ಮ ಹುಡುಗಿಯ ಕತೆಗೆ ಬರುತ್ತೇನೆ. ಅಪ್ಪ ಇಲ್ಲ. ಅವ್ವ ಕಬ್ಬಿನ ಗದ್ದೆಗೆ ಕಳೆ ಕೀಳೋಕೆ ಹೋಗುವವಳು. ಊರಾಚೆ ಕಾಲೋನಿಯಲ್ಲಿ ಒಂದು ಶೀಟಿನ ಮನೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ, 2020ರ ಮಾರ್ಚಿನಲ್ಲಿ, ಶಾಲೆ ಮುಚ್ಚಿತು. ಮನೆಯಲ್ಲಿದ್ದ ಒಂದು ಮೊಬೈಲು ಅಣ್ಣನ ಜೇಬಿನಲ್ಲಿ. ಬಿಸಿಯೂಟವೂ ನಿಂತಿತು. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಅವಳು ಶಾಲೆಯವಳಾಗಿ ಉಳಿದಿರಲಿಲ್ಲ, ಅವ್ವನ ಜೊತೆ ಕೂಲಿಗೆ ಹೋಗುವ ಆಳಾಗಿದ್ದಳು. ಮಳೆಗಾಲ ಮುಗಿಯುತ್ತಿದ್ದ ಹಾಗೆ ಸೋದರತ್ತೆ ಮಗನಿಗೆ ಕೊಟ್ಟರು. ಮನೆ ಮುಂದೆ ಚಪ್ಪರ ಇಲ್ಲ, ವಾಲಗ ಇಲ್ಲ. ದೂರದ ಒಂದು ದೇವಸ್ಥಾನದಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸಿದರು.

ಆಮೇಲೊಂದು ದಿನ ಅವಳ ಅವ್ವನನ್ನು ನಾನು ಜೋರಾಗಿಯೇ ಬೈದೆ. ಆಯಮ್ಮ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದದ್ದು ಇಷ್ಟು: 'ಒಂದ್ ಕಣ್ಗೆ ನಿದ್ದೆ ಇಲ್ಲ ಕಣವ್ವ. ಬೆಳ್ದಿರೋ ಎಣ್ಣ್‌ನ ಮನೇಲಿ ಒಂಟಿ ಬುಟ್ಬುಟ್ಟು ಕೂಲಿಗ್ ಓಗದಾದ್ರೂ ಎಂಗೆ? ಮನೆ ಬಾಗ್ಲಿಗೆ ಚಿಲ್ಕ ಇಲ್ಲ.'

ಆ ಚಿಲಕದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ವೇದಿಕೆ ಮೇಲೆ ನಾವೆಲ್ಲ ಅಜ್ಞಾನ, ಮೂಢನಂಬಿಕೆ ಅಂತ ಶುರು ಮಾಡುತ್ತೇವೆ, ಅಲ್ವಾ? ಆಯಮ್ಮನಿಗೆ ಅಜ್ಞಾನ ಏನೂ ಇರಲಿಲ್ಲ. 18 ಆಗಬೇಕು ಅಂತ ಗೊತ್ತಿತ್ತು. ಗೊತ್ತಿದ್ದಕ್ಕೇ ಬೆಳಗಿನ ಜಾವ ಮದುವೆ ಮಾಡಿದ್ದು. ಬಚ್ಚಲಿಲ್ಲದ, ಚಿಲಕವಿಲ್ಲದ ಮನೆ. ಹಗಲೆಲ್ಲ ಗದ್ದೆಯಲ್ಲಿ ಅವ್ವ. ಬೀದಿಯಲ್ಲಿ ಕುಡಿದು ಓಡಾಡುವವರು. ಸಂಘದ ಸಾಲದ ವಾರದ ಕಂತು. ಇಷ್ಟರ ನಡುವೆ ಮೈನೆರೆದ ಮಗಳೊಬ್ಬಳು ಶಾಲೆಯೂ ಇಲ್ಲದೆ ಮನೆಯಲ್ಲಿ ಕೂತಿದ್ದಾಳೆ. ಆ ಅವ್ವನಿಗೆ ಮದುವೆ ಅಂದರೆ ಮಗಳಿಗೊಂದು ಚಿಲಕ ಹಾಕಿದ ಹಾಗೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಅವಳ ಜಾಗದಲ್ಲಿ ನಿಂತರೆ ಕಾಣುವುದು ಹಾಗೆ ಅಂತ ಹೇಳುತ್ತಿದ್ದೇನೆ.

ನನ್ನ ಅನುಭವದಲ್ಲಿ ಕುತ್ತು ಇರೋದು ಆ ಖಾಲಿ ವರ್ಷಗಳಲ್ಲಿ. ಹುಡುಗಿ ಶಾಲೆಗೆ ಹೋಗುತ್ತಿರುವಷ್ಟು ದಿನ 'ಓದ್ತಾವ್ಳೆ' ಅನ್ನೋ ಒಂದು ಮಾತು ಅವಳನ್ನು ಕಾಯುತ್ತೆ. ನೆಂಟರು ಬಂದು ಕೇಳಿದರೂ ಅವ್ವ ಅದನ್ನೇ ಹೇಳಿ ಸಾಗಹಾಕುತ್ತಾಳೆ. ಎಸ್ಸೆಸ್ಸೆಲ್ಸಿ ಫೇಲಾದ ಮರುದಿನ ಆ ಮಾತು ಬಿದ್ದುಹೋಗುತ್ತೆ. ಪಾಸಾದರೂ ಪಿಯು ಕಾಲೇಜು ಹೋಬಳಿಯಲ್ಲೋ ತಾಲ್ಲೂಕಿನಲ್ಲೋ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಬಸ್ ಚಾರ್ಜ್ ಉಳಿಯಿತು, ನಿಜ. ಆದರೆ ಬಸ್ಸು ಬರುವ ರಸ್ತೆಗೆ ಕಾಲೋನಿಯಿಂದ ಎರಡು ಮೈಲಿ ಕಬ್ಬಿನ ಗದ್ದೆ ಮಧ್ಯೆ ನಡೀಬೇಕು. ಆಳೆತ್ತರದ ಕಬ್ಬು. ಸಂಜೆ ಬಸ್ಸು ಲೇಟಾದರೆ ಕತ್ತಲು. ಹದಿನಾರರಿಂದ ಹದಿನೆಂಟರ ತನಕ ಹುಡುಗಿ ಏನು ಮಾಡಬೇಕು ಅಂತ ಕಾನೂನು ಹೇಳಲ್ಲ. ಏನು ಮಾಡಬಾರದು ಅಂತ ಮಾತ್ರ ಹೇಳುತ್ತೆ. ಆ ಖಾಲಿ ಜಾಗಕ್ಕೆ ಗಂಡು ಬರುತ್ತಾನೆ. ಒಂದೋ ನೆಂಟರ ಕಡೆಯಿಂದ, ಇಲ್ಲ ಮೊಬೈಲಿನ ಕಡೆಯಿಂದ.

ಮಂಡ್ಯದಲ್ಲಿ ನಿಂತು ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತೆ. 2023ರ ಫೆಬ್ರವರಿಯಲ್ಲಿ ಕೆ.ಎಂ. ದೊಡ್ಡಿಯಿಂದ ಮಹದೇಶ್ವರ ಬೆಟ್ಟಕ್ಕೆ ಹೆಣ್ಣು ಸಿಗದ ಗಂಡುಗಳು ಪಾದಯಾತ್ರೆ ಹೊರಟಿದ್ದರು. ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ, ಆಗ ನಾವೂ ನಕ್ಕೆವು. ಅದೇ ವರ್ಷದ ನವೆಂಬರಿನಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡು ಹೆಣ್ಣೋ ಗಂಡೋ ನೋಡುತ್ತಿದ್ದ ಸುದ್ದಿ ಹೊರಬಂತು. ಬೆಲ್ಲ ಕಾಯಿಸುವ ಮನೆಯಲ್ಲಿ. ಆಗ ನಗು ನಿಂತಿತು. ಇವೆರಡನ್ನೂ ಜೋಡಿಸಿಕೊಂಡು ನೋಡಿ. ಜಮೀನಿರುವ ಮನೆಗಳಲ್ಲಿ ಹೆಣ್ಣು ಕಮ್ಮಿಯಾದರೆ ಆ ಕೊರತೆ ಕೆಳಕ್ಕೆ ಹರಿಯುತ್ತೆ. 'ವರದಕ್ಷಿಣೆ ಏನೂ ಬೇಡಿ, ಮದುವೆ ಖರ್ಚೂ ನಮ್ದೇ' ಅಂತ ಮೂವತ್ತೈದರ ಗಂಡಿನ ಪರವಾಗಿ ದಲ್ಲಾಳಿ ಬಂದು ನಿಲ್ಲುವುದು ಯಾರ ಮನೆ ಮುಂದೆ? ಇಂಜಿನಿಯರ್ ಮಗಳ ಮನೆ ಮುಂದೆ ಅಲ್ಲ. ಸಾಲ ಇರುವವರ ಮನೆ ಮುಂದೆ, ಅಪ್ಪ ಇಲ್ಲದವರ ಮನೆ ಮುಂದೆ. ನಾನು ಇಂಥ ಮೂರು ಮದುವೆ ಕಣ್ಣಾರೆ ನೋಡಿದ್ದೇನೆ. ಮೂರರಲ್ಲೂ ಹುಡುಗಿಗೆ ಹತ್ತೊಂಬತ್ತಂತೆ.

ಪ್ರೀತಿಸಿ ಓಡಿಹೋದವರದ್ದು ಬೇರೆಯೇ ಕತೆ. ಅಲ್ಲಿ ಬೈಯುವವರು ಜಾಸ್ತಿ, ಕೇಳುವವರು ಇಲ್ಲ. ಮನೆಯಲ್ಲಿ ಬೆಳಗಿಂದ ಸಂಜೆ ತನಕ ಒಂದು ಮೆತ್ತಗಿನ ಮಾತು ಕೇಳದ ಹುಡುಗಿಗೆ 'ಊಟ ಆಯ್ತಾ' ಅಂತ ಒಬ್ಬ ಮೆಸೇಜ್ ಹಾಕಿದರೆ ಸಾಕು. ಇನ್ನು ಮನೆಯೊಳಗಿನವರಿಂದಲೇ, ನೆರೆಯವರಿಂದಲೇ ಮೋಸವಾಗಿ ಬಸಿರಾದ ಮಕ್ಕಳೂ ನನ್ನ ಮುಂದೆ ಬಂದಿದ್ದಾರೆ. ಅದನ್ನು ಇಲ್ಲಿ ವಿವರಿಸಲು ನನಗೆ ಇಷ್ಟವಿಲ್ಲ. ಒಂದೇ ಮಾತು ಹೇಳುತ್ತೇನೆ. ಅಂಥ ಎಷ್ಟೋ ಮಕ್ಕಳಿಗೆ ಮುಟ್ಟು ನಿಂತರೆ ಅದರ ಅರ್ಥ ಏನು ಅಂತಲೇ ಗೊತ್ತಿರಲಿಲ್ಲ. ಐದನೇ ತಿಂಗಳಲ್ಲಿ 'ಹೊಟ್ಟೆ ಉಬ್ಬರ' ಅಂತ ಬರುತ್ತಾರೆ. ಜೊತೆಗೆ ಬಂದ ಅಜ್ಜಿಗೂ ಗೊತ್ತಿಲ್ಲ, ಇಲ್ಲ ಗೊತ್ತಿದ್ದೂ ಬಾಯಿ ಬಿಡಲ್ಲ.

ಎಚ್.ಡಿ. ಕೋಟೆ ಹಾಡಿಗಳಲ್ಲಿ ನೋಡಿದ್ದು ಇದ್ಯಾವುದರ ಹಾಗೂ ಅಲ್ಲ. ಜೇನುಕುರುಬರಲ್ಲಿ ಅಪ್ಪ ಅಮ್ಮ ಒತ್ತಾಯ ಮಾಡಿ ಕಟ್ಟಿಹಾಕುವುದು ಕಮ್ಮಿ. ಹುಡುಗ ಹುಡುಗಿ ಒಪ್ಪಿಕೊಂಡು ಹೋಗಿಬಿಡುತ್ತಾರೆ, ಕೆಲವು ದಿನ ಬಿಟ್ಟು ಬರುತ್ತಾರೆ, ಹಿರಿಯರು ದಂಡ ಹಾಕಿ ಸೇರಿಸಿಕೊಳ್ಳುತ್ತಾರೆ. ಕಾಡು ಅವರದ್ದಾಗಿದ್ದಾಗ ಅದಕ್ಕೊಂದು ಅಳತೆ ಇತ್ತು, ಸುತ್ತ ಅಜ್ಜಿ ಅತ್ತೆಯರಿದ್ದರು. ಕಬಿನಿ ಅಣೆಕಟ್ಟು, ನಾಗರಹೊಳೆ ಅಂತ ಎಬ್ಬಿಸಿ ಕೂರಿಸಿದ ಮೇಲೆ ಹೊಟ್ಟೆಪಾಡಿಗೆ ಕೊಡಗಿನ ಕಾಫಿ ತೋಟ. ಜೀಪು ಬಂದು ಮನೆ ಮಂದಿಯನ್ನೆಲ್ಲ ತುಂಬಿಕೊಂಡು ಹೋದರೆ ವಾರಗಟ್ಟಲೆ ಲೈನ್ ಮನೆ ವಾಸ. ಆಶ್ರಮ ಶಾಲೆಯಲ್ಲಿ ಹುಡುಗಿಯ ಹೆಸರು ಇರುತ್ತೆ, ಹುಡುಗಿ ತೋಟದಲ್ಲಿರುತ್ತಾಳೆ. ಅಲ್ಲಿ ಬಸಿರಾದವಳನ್ನು ಹುಡುಕಿಕೊಂಡು ನಾನು ತಿಂಗಳಿಗೆ ನಾಲ್ಕು ಸಲ ಹಾಡಿಗೆ ಹೋಗಿ ಬೀಗ ನೋಡಿ ಬಂದದ್ದಿದೆ. ಬೀಗ ಅಂದೆ, ಅದೂ ಸರಿಯಲ್ಲ. ಬಿದಿರಿನ ತಡಿಕೆ.

ಇನ್ನು ಕಾನೂನು. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಬೇಗನೇ ಕಣ್ಣು ತೆರೆದಿತ್ತು, ಅದನ್ನು ಹೆಮ್ಮೆಯಿಂದಲೇ ಹೇಳಬೇಕು. 1894ರಲ್ಲೇ ಎಂಟು ತುಂಬದ ಹುಡುಗಿಯ ಮದುವೆ ಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳಕೂಡದು ಅಂತ ಕಾಯ್ದೆ ತಂದರು. ಬ್ರಿಟಿಷರ ಆಳ್ವಿಕೆಯ ಭಾರತಕ್ಕೆ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. 1930ರಲ್ಲಿ ಸರ್ಕಾರದ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿದ್ದೂ ನಮ್ಮ ಮೈಸೂರೇ. ತೊಂಬತ್ತು ವರ್ಷ ಆದಮೇಲೂ ಒಂದು ನಿರೋಧ್ ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತಿ ಕೊಡಬೇಕಾದ ಊರಲ್ಲಿ ನಾನು ಕೆಲಸ ಮಾಡಿದೆ, ಅದು ಬೇರೆ ಮಾತು.

ಈಗಿನ ಕಾನೂನು ಇನ್ನೂ ಬಿಗಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಮದುವೆ ಅಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆ 2012ರದು. 18ರ ಕೆಳಗಿನವಳ ಜೊತೆ ಕೂಡಿದರೆ, ಅವಳು ಒಪ್ಪಿದ್ದರೂ ಸರಿ, ಅದು ಅಪರಾಧ. ಕಟ್ಟಿಕೊಂಡ ಹೆಂಡತಿಯಾದರೂ ಅಪರಾಧವೇ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೊತ್ತಾದವರು ತಿಳಿಸದಿದ್ದರೆ ಅವರ ಮೇಲೂ ಕೇಸು. ನನ್ನ ಮೇಲೂ.

ನಮ್ಮ ಹುಡುಗಿ ಬಂದು ಕೂತ ದಿನ ಅದೆಲ್ಲ ತಲೆಯಲ್ಲಿ ಓಡುತ್ತಿತ್ತು. ತಾಯಿ ಕಾರ್ಡ್ ಮುಂದಿಟ್ಟುಕೊಂಡು ವಯಸ್ಸು ಅಂದೆ. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ, 'ಅತ್ತೊಂಬತ್ತು ಬರ್ಕೊಳಿ ಸಿಸ್ಟ್ರೇ' ಅಂದಳು. ಹುಡುಗಿ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತು, ನನಗೂ ಗೊತ್ತು. ಒಂಬತ್ತನೇ ಕ್ಲಾಸಿನ ಪಟ್ಟಿಯಲ್ಲಿ ಅವಳ ಹುಟ್ಟಿದ ದಿನ ನೋಡಿದವಳು ನಾನೇ. ಹದಿನಾರೂವರೆ.

ಆ ಕಾಲಂ ಖಾಲಿ ಬಿಟ್ಟೆ. ರಕ್ತದ ಹಿಮೋಗ್ಲೋಬಿನ್ ನೋಡಿದೆ, 8.2 ಇತ್ತು. ಬಸುರಿಗೆ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಕೆಂಪು ಮಾತ್ರೆ ಕೊಟ್ಟು, ಮಾರನೇ ದಿನ ಡಾಕ್ಟರಿಗೆ ನಿಜ ಹೇಳಿದೆ. ಅಲ್ಲಿಂದ ಪೊಲೀಸು, ಶಿಶು ಅಭಿವೃದ್ಧಿ ಅಧಿಕಾರಿಯ (ಸಿಡಿಪಿಒ) ಆಫೀಸು. ಅವರು ಕಾಲೋನಿಗೆ ಹೋಗುವಷ್ಟರಲ್ಲಿ ಹುಡುಗಿ ಇರಲಿಲ್ಲ. ಬಾಲಮಂದಿರಕ್ಕೆ ಹಾಕ್ತಾರೆ ಅಂತ ಯಾರೋ ಹೆದರಿಸಿದ್ದರು. ರಾತ್ರೋರಾತ್ರಿ ಯಾವುದೋ ನೆಂಟರ ಊರಿಗೆ ಸಾಗಿಸಿದ್ದರು. ಮುಂದಿನ ಮೂರು ತಿಂಗಳು ಬಿಪಿ ನೋಡಿದವರಿಲ್ಲ, ತೂಕ ನೋಡಿದವರಿಲ್ಲ.

ಮತ್ತೆ ನನ್ನ ಕಣ್ಣಿಗೆ ಬಿದ್ದದ್ದು ಎಂಟನೇ ತಿಂಗಳಲ್ಲಿ. ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಕಣ್ಣು ಮಂಜು ಅಂದಳು. ನಮ್ಮ ಕಡೆ ನಂಜು ಅಂತಾರಲ್ಲ, ಬಸಿರಿನಲ್ಲಿ ಬಿಪಿ ಏರುವುದು, ಅದು. ಫಿಟ್ಸ್ ಬಂದರೆ ತಾಯಿ ಮಗು ಇಬ್ಬರೂ ಕೈತಪ್ಪಬಹುದು. ಇಪ್ಪತ್ತು ದಾಟಿದವರಿಗಿಂತ ಈ ವಯಸ್ಸಿನವರಿಗೆ ಈ ಅಪಾಯ ಜಾಸ್ತಿ. ಸೊಂಟದ ಮೂಳೆ ಇನ್ನೂ ಬೆಳೆಯುತ್ತಿರುತ್ತೆ, ಹೆರಿಗೆ ಕಷ್ಟ. ತಿಂದ ಅನ್ನಕ್ಕೆ ಅವಳ ಮೈಯೂ ಕೈಚಾಚುತ್ತೆ, ಹೊಟ್ಟೆಯ ಕೂಸೂ ಕೈಚಾಚುತ್ತೆ. ಹಾಗಾಗಿ ಎಷ್ಟೋ ಕೂಸುಗಳು ಎರಡೂವರೆ ಕೇಜಿ ಮುಟ್ಟಲ್ಲ. ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇದೆ ಅಂತ ಅದೇ ಸಮೀಕ್ಷೆ ಹೇಳುತ್ತೆ. ಬಸಿರಾಗುವ ಮೊದಲೇ ಇವರ ಗಡಿಗೆ ಅರ್ಧ ಖಾಲಿ.

ಆ ದಿನ ಜಿಲ್ಲಾ ಕೇಂದ್ರದ ಒಂದು ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದೆವು. ಹೆರಿಗೆ ಕೋಣೆಯಲ್ಲಿ ಒಬ್ಬರು ಅವಳಿಗೆ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. ಇಲ್ಲಿ ಹೇಳೋಲ್ಲ. ನೋವಿಗೆ ಕೂಗುತ್ತಿದ್ದವಳು ಆ ಮಾತಿಗೆ ಕೂಗುವುದು ನಿಲ್ಲಿಸಿ ಬಟ್ಟೆ ಕಚ್ಚಿಕೊಂಡಳು. ಸಿಸೇರಿಯನ್ ಆಯಿತು. ಹೆಣ್ಣು ಮಗು, ಒಂದು ಕೇಜಿ ಒಂಬೈನೂರು. ಬದುಕಿತು.

ನಾನು ತಿಳಿಸಿದ್ದು ಸರಿಯೋ ತಪ್ಪೋ? ಕಾನೂನಿನ ಪ್ರಕಾರ ಸರಿ. ಆದರೆ ನನ್ನಿಂದಾಗಿ ಆ ಮೂರು ತಿಂಗಳು ಅವಳು ಕಣ್ಮರೆಯಾದಳು. ಹತ್ತೊಂಬತ್ತು ಅಂತ ಬರೆದುಕೊಂಡಿದ್ದರೆ ಪ್ರತಿ ತಿಂಗಳೂ ಬಂದು ಬಿಪಿ ನೋಡಿಸಿಕೊಳ್ಳುತ್ತಿದ್ದಳು. ಹಾಗೆ ಬರೆಯುವ ಸಹೋದ್ಯೋಗಿಗಳನ್ನು ನಾನು ಮೊದಲು ಕಳ್ಳರು ಅಂದುಕೊಂಡಿದ್ದೆ. ಈಗ ಅಷ್ಟು ಸಲೀಸಾಗಿ ಅನ್ನಲಾರೆ. ಗರ್ಭಪಾತಕ್ಕೆ ಬರುವ ಚಿಕ್ಕ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಡಾಕ್ಟರು ಪೊಲೀಸರಿಗೆ ತಿಳಿಸುವಾಗ ಅವಳ ಹೆಸರು, ಗುರುತು ಹೇಳಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೇದು. ಆದರೆ ಹೆರುವವಳಿಗೆ? ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ಅಷ್ಟು ಕಷ್ಟಪಟ್ಟು ನಾವು ಆಸ್ಪತ್ರೆ ಬಾಗಿಲ ತನಕ ಕರೆತಂದ ಜನ ಈಗ ಆ ಬಾಗಿಲಿಗೇ ಹೆದರುತ್ತಿದ್ದಾರೆ.

ಹೆರಿಗೆ ಆದಮೇಲೆ ಏನಾಗುತ್ತೆ ಅನ್ನೋದು ಯಾರೂ ಭಾಷಣದಲ್ಲಿ ಹೇಳಲ್ಲ. ಒಂದೂವರೆ ವರ್ಷದೊಳಗೆ ಎರಡನೇದು. ನಡುವೆ ಅಂತರ ಇಡಲು ಕಾಪರ್ ಟಿ, ಛಾಯಾ ಮಾತ್ರೆ, 'ಅಂತರ' ಇಂಜೆಕ್ಷನ್ ಎಲ್ಲ ಇದೆ, ಪುಕ್ಕಟೆ ಇದೆ. ಹಾಕಿಸಿಕೊಳ್ಳಲು ಅತ್ತೆ ಒಪ್ಪಬೇಕು. 22 ತುಂಬಿತೋ ಇಲ್ಲವೋ ಆಪರೇಷನ್. ನಿಮ್ಮ ವಯಸ್ಸಿಗೆ, ಇಲ್ಲಿ ಕೂತಿರುವ ಹೆಣ್ಣುಮಕ್ಕಳೇ, ಅವಳ ಬಸಿರು, ಬಾಣಂತನ, ಆಪರೇಷನ್ ಎಲ್ಲ ಮುಗಿದಿರುತ್ತೆ. ಮುಂದಿನ ನಲವತ್ತು ವರ್ಷಕ್ಕೆ ಅವಳ ಹತ್ತಿರ ಇರೋದು ಒಂಬತ್ತನೇ ಕ್ಲಾಸಿನ ಓದು ಮತ್ತು ಬೆನ್ನು ನೋವು. ಗಾರ್ಮೆಂಟ್ಸ್‌ಗೆ ಸೇರೋಣ ಅಂದರೆ ವಯಸ್ಸಿನ ದಾಖಲೆ ಕೇಳುತ್ತಾರೆ, ಟಿಸಿಯಲ್ಲಿ ಒಂದು, ತಾಯಿ ಕಾರ್ಡಿನಲ್ಲಿ ಇನ್ನೊಂದು. ಗೃಹಲಕ್ಷ್ಮಿಯ ಎರಡು ಸಾವಿರ ಮನೆ ಯಜಮಾನಿಗೆ, ಅಂದರೆ ಅತ್ತೆಗೆ. ಸೊಸೆ ಸೋಪಿಗೂ ಕೈಚಾಚಬೇಕು.

ನೀವು ಮೇಷ್ಟ್ರು, ಮೇಡಂ ಆಗುವವರು. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಎಷ್ಟು ಶಾಲೆಯಲ್ಲಿ ಆ ಪಾಠ ಬಂದಾಗ 'ಇದನ್ನ ಮನೇಲಿ ಓದ್ಕೊಳ್ಳಿ' ಅಂತ ಪುಟ ಹಾರಿಸುತ್ತಾರೆ ಅಂತ ನಿಮ್ಮ ನಗುವೇ ಹೇಳುತ್ತಿದೆ. ಹೂವಿನ ಪರಾಗಸ್ಪರ್ಶ ಎರಡು ಪೀರಿಯಡ್, ಮನುಷ್ಯರದ್ದು ಎರಡು ನಿಮಿಷ. ದಯವಿಟ್ಟು ಹಾರಿಸಬೇಡಿ. ನಾಚಿಕೆ ಆದರೆ ಊರಿನ ಸಿಸ್ಟರನ್ನು ಕರೆಸಿ, ನಮಗೆ ನಾಚಿಕೆ ಯಾವತ್ತೋ ಹೋಗಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ, ಅಲ್ಲಿಗೆ ಕಳಿಸಿ. ಹುಡುಗಿ ಮೂರು ದಿನ ಬರಲಿಲ್ಲ ಅಂದರೆ ನಾಲ್ಕನೇ ದಿನ ಮನೆಗೆ ಹೋಗಿ. ಹತ್ತನೇ ದಿನ ಹೋದರೆ ಕಾಲಲ್ಲಿ ಕಾಲುಂಗುರ ಇರುತ್ತೆ. ಪರೀಕ್ಷೆ ಮುಗಿಯದೆ ಟಿಸಿ ಕೇಳಲು ಬಂದ ಅಪ್ಪನನ್ನು ಕೂರಿಸಿ ಟೀ ಕೊಟ್ಟು ಯಾಕೆ ಅಂತ ಕೇಳಿ. ಮಕ್ಕಳ ಸಹಾಯವಾಣಿಯ 1098 ನಂಬರನ್ನು ಗೋಡೆಯ ಮೇಲೆ ಬರೆಸಿದರೆ ಸಾಲದು, ಹುಡುಗಿಯರ ಬಾಯಲ್ಲಿ ಹೇಳಿಸಿ. ಮದುವೆಗೆ ಮುಂಚೆ ಬಂದ ಫೋನು ಹುಡುಗಿಯನ್ನು ಉಳಿಸುತ್ತೆ. ಬಸಿರಾದಮೇಲೆ ಬಂದರೆ ಕೇಸು ಮಾತ್ರ ಆಗುತ್ತೆ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. 'ಮೇಡಂ, ನೀವು ಬರೀ ಹುಡುಗಿ ಕತೆ ಹೇಳಿದ್ರಿ. ಆ ಹುಡುಗ ಏನಾದ?' ಅಂದ.

ಒಳ್ಳೆ ಪ್ರಶ್ನೆ. ಅವನಿಗಾಗ ಇಪ್ಪತ್ತು. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಡ್ರೈವರ್. 21 ತುಂಬದ ಅವನೂ ಕಾನೂನಿನಲ್ಲಿ ಮದುವೆ ವಯಸ್ಸಿಗೆ ಬಂದವನಲ್ಲ, ಆದರೆ ಕೇಸಿನಲ್ಲಿ ಆರೋಪಿ ಆಗುವಷ್ಟು ದೊಡ್ಡವನು. ಹೆರಿಗೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಅವನನ್ನು ನೋಡಿದೆ. ಕೈಯಲ್ಲಿ ಒಂದು ಬನ್ನು, ಹಾಲಿನ ಪ್ಯಾಕೆಟ್ಟು. ಸಿಸೇರಿಯನ್ ಆದವಳಿಗೆ ಆದ ಕೂಡಲೇ ಬನ್ನು ತಿನ್ನಿಸುವ ಹಾಗಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲ ಹತ್ತಿರ ಒಬ್ಬರು ಪೊಲೀಸ್ ನಿಂತಿದ್ದರು. ಅವನು ಅವರನ್ನೊಮ್ಮೆ, ವಾರ್ಡಿನ ಬಾಗಿಲನ್ನೊಮ್ಮೆ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: 'ಸಿಸ್ಟ್ರೇ, ನಾನೀಗ ಒಳಿಕ್ ಓಗ್ಬೇಕಾ?'

ಯಾವ ಒಳಗು ಕೇಳುತ್ತಿದ್ದಾನೆ ಅಂತ ನನಗೆ ತಿಳಿಯಲಿಲ್ಲ. ಬನ್ನು ಇಸಿದುಕೊಂಡೆ.